ಸಿನಿಮಾದ ದುಬೈ ಬಿಡು, ವೀಸಾ ಕಾಗದ ನೋಡು

ತಂಗೀ,

ದುಬೈನ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿದೆ, ಆದರೆ ಮಲಯಾಳಂನ ‘ಸಿ ಯು ಸೂನ್’ ನೋಡಿದ ಮೇಲೆ ಅಮ್ಮ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ, ಇಲ್ಲಿನ ಬದುಕು ನಿಜಕ್ಕೂ ಹಾಗೇನಾ ಅಂತ ಕೇಳಿದ್ದೀಯ. ಏಜೆಂಟ್ ಎಂಬತ್ತು ಸಾವಿರ ಕೇಳಿದ್ದಾನೆ, ಮೊದಲು ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಬದಲಾಯಿಸೋಣ ಅಂದಿದ್ದಾನೆ ಅಂತ ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀಯ. ಸಿನಿಮಾಕ್ಕಿಂತ ಆ ಮಾತೇ ನನ್ನನ್ನು ಹೆದರಿಸಿತು.

ಸಿನಿಮಾದ ವಿಷಯ ಮೊದಲು ಮುಗಿಸುತ್ತೇನೆ. ಮಹೇಶ್ ನಾರಾಯಣನ್ ಅದನ್ನು 2020ರ ಲಾಕ್‌ಡೌನ್‌ನಲ್ಲಿ ಐಫೋನ್ ಹಿಡಿದು ಕೊಚ್ಚಿಯಲ್ಲಿ ತೆಗೆದದ್ದು. ಪೂರ್ತಿ ಕಥೆ ಫೋನ್, ಲ್ಯಾಪ್‌ಟಾಪ್ ಪರದೆಯ ಮೇಲೇ ನಡೆಯುತ್ತದೆ. ದುಬೈನಲ್ಲಿದ್ದ ಹುಡುಗಿ ಕಾಣೆಯಾಗುತ್ತಾಳೆ, ಅವಳಿಗೆ ಏನಾಯಿತು ಅಂತ ಊರಲ್ಲಿ ಕೂತ ನಾಯಕ ಫಹಾದ್ ಫಾಸಿಲ್ ಹುಡುಕುತ್ತಾನೆ. ನಾವು ಇಲ್ಲಿ ನೋಡಿದಾಗ ಮೊದಲು ನಕ್ಕದ್ದು ಅವರ ವಿಡಿಯೋ ಕಾಲ್ ನೋಡಿ! ಇಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ. ಇಲ್ಲಿ ನಡೆಯುವ ಕಾಲಿಂಗ್ ಆ್ಯಪ್ ಬೋಟಿಮ್, ಅಮ್ಮನ ಫೋನಿಗೆ ಅದನ್ನು ಹಾಕಿಸಿಯೇ ಹೊರಡು. ಇನ್ನೊಂದು, ಫಹಾದ್ ಹಾಗೆ ಇನ್ನೊಬ್ಬರ ಅಕೌಂಟಿಗೆ ನುಗ್ಗುವುದು ಇರಲಿ, ಸಿಟ್ಟಲ್ಲಿ ವಾಟ್ಸಾಪ್‌ನಲ್ಲಿ ಬೈದು ಮೆಸೇಜ್ ಹಾಕಿದರೂ ಇಲ್ಲಿ ಕೇಸ್ ಆಗುತ್ತದೆ. ಸಿನಿಮಾದ ಜೋಡಿಯ ಹಾಗೆ ಮದುವೆಯಾಗದೆ ಒಟ್ಟಿಗಿರುವುದೂ ಆಗ ಇಲ್ಲಿ ಅಪರಾಧವಾಗಿತ್ತು. ಸಿನಿಮಾ ಬಂದದ್ದು ಸೆಪ್ಟೆಂಬರ್‌ನಲ್ಲಿ, ನವೆಂಬರ್‌ನಲ್ಲಿ ಆ ಕಾನೂನು ಬದಲಾಯಿತು.

ದುಬೈ ಬಗ್ಗೆ ಅಮ್ಮನಿಗೆ ಧೈರ್ಯ ಹೇಳು. ರಾತ್ರಿ ಹನ್ನೊಂದಕ್ಕೆ ಮೆಟ್ರೋ ಇಳಿದು ಒಬ್ಬಳೇ ನಡೆದು ಬರುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲ. ಹೆಂಗಸರ ಡಬ್ಬಿಗೆ ಗಂಡಸರು ಹತ್ತಿದರೆ ನೂರು ದಿರ್ಹಮ್ ದಂಡ.

ಆದರೆ ಸಿನಿಮಾದಲ್ಲಿ ಒಂದು ವಿಷಯ ಮಾತ್ರ ನೂರಕ್ಕೆ ನೂರು ಸರಿ. ಆ ಹುಡುಗಿ ಸಿಕ್ಕಿಬಿದ್ದದ್ದು ಕೆಲಸದ ಆಸೆಗೆ ಏಜೆಂಟನನ್ನು ನಂಬಿ ಬಂದು. ಇಲ್ಲಿನ ಕರಾಮಾ ಬಡಾವಣೆಯಲ್ಲಿ ನನ್ನ ಜೊತೆ ಬೆಡ್ ಸ್ಪೇಸ್‌ನಲ್ಲಿದ್ದ (ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದಷ್ಟೇ ಬಾಡಿಗೆ) ಒಬ್ಬಳದ್ದು ಅಷ್ಟು ಭಯಂಕರ ಕಥೆ ಏನಲ್ಲ, ಆದರೆ ದಾರಿ ಅದೇ. ವಿಸಿಟ್ ವೀಸಾದಲ್ಲಿ ಬಂದು ಒಂದು ಸಲೂನ್‌ನಲ್ಲಿ ಕೆಲಸಕ್ಕೆ ನಿಂತಳು. ಪಾಸ್‌ಪೋರ್ಟ್ ‘ವೀಸಾ ಪ್ರೊಸೆಸಿಂಗ್‌ಗೆ’ ಅಂತ ಮಾಲೀಕರ ಡ್ರಾಯರ್ ಸೇರಿತು. ಇಲ್ಲಿನ ನಿವಾಸಿಗಳ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಇಲ್ಲ, ಹಾಗಾಗಿ ಬ್ಯಾಂಕ್ ಖಾತೆ ಇಲ್ಲ. ಸಂಬಳ ಕವರಿನಲ್ಲಿ, ಅದೂ ಅರ್ಧ. ಉಳಿದದ್ದು ಮುಂದಿನ ತಿಂಗಳು, ಮುಂದಿನ ತಿಂಗಳು. ಅಷ್ಟರಲ್ಲಿ ವೀಸಾ ಮುಗಿದು ದಿನಕ್ಕೆ ಐವತ್ತು ದಿರ್ಹಮ್ ದಂಡ ಏರತೊಡಗಿತು. ದೂರು ಕೊಡೋಣ ಅಂದರೆ ಕೈಯಲ್ಲಿ ಒಂದು ತುಂಡು ಕಾಗದ ಇಲ್ಲ, ಮೇಲಾಗಿ ತಾನೇ ಕಾನೂನು ಮುರಿದವಳು ಅನ್ನುವ ಹೆದರಿಕೆ. ಅವಳ ಬಾಯಿ ಮುಚ್ಚಿಸಿದ್ದೇ ಆ ಹೆದರಿಕೆ. ರಾತ್ರಿ ಮೇಲಿನ ಮಂಚದಲ್ಲಿ ಮಲಗಿ ಕ್ಯಾಲ್ಕುಲೇಟರ್‌ನಲ್ಲಿ ದಂಡದ ಲೆಕ್ಕ ಹಾಕುತ್ತಿದ್ದಳು.

ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹುಡುಕುವುದು ತಪ್ಪಲ್ಲ, ಅದರಲ್ಲೇ ಕೆಲಸ ಮಾಡುವುದು ತಪ್ಪು. ಹಾಗೆ ಕೆಲಸಕ್ಕೆ ಇಟ್ಟುಕೊಂಡವರಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಆದರೂ ‘ಆಮೇಲೆ ಬದಲಾಯಿಸೋಣ’ ಅನ್ನುವವರು ಕಡಿಮೆಯಾಗಿಲ್ಲ. ನಿನಗೆ ಕೆಲಸ ಆಗಲೇ ಸಿಕ್ಕಿದೆಯಲ್ವಾ? ಹಾಗಿದ್ದರೆ ಎಂಪ್ಲಾಯ್‌ಮೆಂಟ್ ವೀಸಾವನ್ನೇ ಕಳಿಸಲಿ. ಅದಕ್ಕೂ ಮೊದಲು ಇಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಬರಬೇಕು. ಆ ಸಚಿವಾಲಯದ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ ಮೊಹ್ರೆ, ಎಲ್ಲರೂ ಮೊಹ್ರೆ ಲೆಟರ್ ಅನ್ನುವುದು ಅದಕ್ಕೇ. ಸಂಬಳ, ರಜೆ, ಹುದ್ದೆ ಎಲ್ಲ ಅದರಲ್ಲಿರುತ್ತದೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿ ಸೀಲ್ ಹೊಡೆದದ್ದನ್ನು ತೋರಿಸಿದರೆ ನಂಬಬೇಡ.

ಇನ್ನು ಎಂಬತ್ತು ಸಾವಿರ. ನೇಮಕದ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡಬಾರದು ಅಂತ ಇಲ್ಲಿನ ಕಾನೂನೇ ಹೇಳುತ್ತದೆ. ನಮ್ಮ ದೇಶದ ನಿಯಮದಲ್ಲೂ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ, ಜೊತೆಗೆ ಜಿಎಸ್‌ಟಿ, ಅಷ್ಟೇ. ಅವನು ನೋಂದಾಯಿತನೋ ಅಲ್ಲವೋ ಅಂತ ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡು.

ಬಂದ ಮೇಲೆ ಪಾಸ್‌ಪೋರ್ಟ್ ಸ್ಟಾಂಪಿಂಗ್‌ಗೆ, ಸೇಫ್ಟಿಗೆ ಅಂತ ಯಾರು ಕೇಳಿದರೂ ಇಟ್ಟುಕೊಳ್ಳಲು ಕೊಡಬೇಡ. ಮಾಲೀಕರು ಅದನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಭಾರತೀಯ ಕಾನ್ಸುಲೇಟ್‌ನ ಸಹಾಯ ಕೇಂದ್ರದ ಉಚಿತ ನಂಬರ್ 800 46342. ಬರೆದಿಟ್ಟುಕೋ.

ಮನೆ, ಊಟ, ಚಳಿಗಾಲಕ್ಕೆ ಸ್ವೆಟರ್ ಬೇಕಾ ಅನ್ನುವುದೆಲ್ಲ ಆಮೇಲೆ ಮಾತಾಡೋಣ. ಇವತ್ತೇ ಏಜೆಂಟಿಗೆ ಫೋನ್ ಮಾಡಿ ಮೊಹ್ರೆ ಲೆಟರ್ ಕೇಳು. ಕೊಟ್ಟರೆ ಫೋಟೋ ಕಳಿಸು, ಅದರ ನಂಬರ್ ಹಾಕಿ ಅಸಲಿಯೋ ನಕಲಿಯೋ ನೋಡಿ ಹೇಳುತ್ತೇನೆ. ಕೊಡದೆ ಟಿಕೆಟ್ ಮಾತೆತ್ತಿದರೆ ಒಂದು ರೂಪಾಯಿಯನ್ನೂ ಕಳಿಸಬೇಡ.