ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಲೆ ನಡೆಸೋದು ಯಾರು?

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಷ್ಟೋ ಸುತ್ತೋಲೆಗಳಲ್ಲಿ 'ನ್ಯಾಯಾಲಯದ ಆದೇಶದಂತೆ' ಅನ್ನೋ ಸಾಲು ಇದ್ದೇ ಇರುತ್ತದೆ. ನಮ್ಮ ಶಾಲೆ ನಡೆಸೋದು ಇಲಾಖೆಯೋ, ಕೋರ್ಟೋ?

ಉತ್ತರ: ನಡೆಸೋದು ಇಲಾಖೆಯೇ ಮೇಡಂ. ಇಲಾಖೆ ಕೂತಲ್ಲೇ ಕೂತಾಗ ಎಬ್ಬಿಸೋದು ಕೋರ್ಟು. ನಿಮ್ಮ ಶಾಲೆಯ ಅಡುಗೆ ಕೋಣೆಯನ್ನೇ ನೋಡಿ. ಮಧ್ಯಾಹ್ನದ ಊಟಕ್ಕೆ ಕೇಂದ್ರದ ಯೋಜನೆ 1995ರಿಂದಲೇ ಇತ್ತು, ಆದರೆ ಹೆಚ್ಚಿನ ಕಡೆ ಮಕ್ಕಳಿಗೆ ಸಿಗುತ್ತಿದ್ದುದು ತಿಂಗಳಿಗೆ 3 ಕೆಜಿ ಧಾನ್ಯ. ಚೀಲ ತರೋದು, ತುಂಬಿಸಿಕೊಂಡು ಹೋಗೋದು, ಮನೆಮಂದಿಯೆಲ್ಲ ಸೇರಿ ತಿನ್ನೋದು. ಮಧ್ಯಾಹ್ನದ ಹಸಿವು ಮಾತ್ರ ಹಾಗೇ ಇತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಧಾನ್ಯ ಬೇಡ, ಬೇಯಿಸಿದ ಊಟ ಕೊಡಿ ಎಂದಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ 200 ದಿನವಾದರೂ ಊಟ ಅಂತ ಲೆಕ್ಕವನ್ನೂ ಬರೆದುಕೊಟ್ಟಿತು. ಮರುವರ್ಷವೇ ನಮ್ಮ ಕರ್ನಾಟಕದಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟ, ಶುರುವಾಯಿತು. ತಮಾಷೆ ಏನು ಗೊತ್ತಾ? ಆ ಕೇಸು ಶಾಲೆಯ ಬಗ್ಗೆ ಹಾಕಿದ್ದೇ ಅಲ್ಲ. ಸರ್ಕಾರಿ ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಬರದ ನಾಡಲ್ಲಿ ಜನ ಹಸಿದಿರೋದೇಕೆ ಅಂತ ಕೇಳಿದ ಕೇಸು!

ಪ್ರಶ್ನೆ: ಅಷ್ಟೆಲ್ಲ ಮಾಡೋ ಕೋರ್ಟು ಕನ್ನಡ ಮಾಧ್ಯಮದ ವಿಷಯದಲ್ಲಿ ಮಾತ್ರ ನಮ್ಮ ಕೈ ಬಿಟ್ಟಿದ್ದೇಕೆ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ನನಗೂ ಆಗ ಬೇಜಾರಾಗಿತ್ತು. ಆದರೆ ತೀರ್ಪು ಹೇಳಿದ್ದೇನು ಅಂತ ನೋಡಬೇಕು ಅಲ್ವಾ? ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ಅಂತ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಅದು ಅನ್ವಯಿಸೋದಿಲ್ಲ ಅಂತ 2008ರಲ್ಲಿ ಹೈಕೋರ್ಟ್ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ, ಮಗುವಿನ ಮಾಧ್ಯಮ ಆರಿಸೋ ಹಕ್ಕು ಅಪ್ಪ ಅಮ್ಮನದು, ಸರ್ಕಾರ ಹೇರುವಂತಿಲ್ಲ ಎಂದರು. ಕನ್ನಡದಲ್ಲಿ ಕಲಿಸಬೇಡಿ ಅಂತ ಅವರು ಎಲ್ಲೂ ಹೇಳಲಿಲ್ಲ.

ಆಮೇಲೆ ಆಗಿದ್ದು ಇನ್ನೂ ಮಜಾ. ಮುಂಬಾಗಿಲು ಮುಚ್ಚಿತು ಅಂತ ಸರ್ಕಾರ ಪಕ್ಕದ ಬಾಗಿಲಿಂದ ಬಂತು. ಮಾಧ್ಯಮ ಹೇರೋಕೆ ಆಗದಿದ್ದರೆ ಏನಂತೆ, ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಎಲ್ಲ ಶಾಲೆಗಳೂ ಕಲಿಸಲಿ ಅಂತ 2015ರಲ್ಲಿ ಕಾನೂನು ತಂದಿತು. ಇನ್ನು 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾಯಿತಲ್ಲ, ಅದನ್ನು ಯಾವ ಕೋರ್ಟೂ ಕೇಳಿರಲಿಲ್ಲ. ಮಕ್ಕಳು ಖಾಸಗಿ ಶಾಲೆಗೆ ಹೋಗಿಬಿಡುತ್ತಾರೆ ಅನ್ನೋ ಭಯಕ್ಕೆ ಸರ್ಕಾರ ತಾನೇ ಮಾಡಿದ್ದು. ಅದರ ಸಿಟ್ಟನ್ನು ಸುಮ್ನೆ ಕೋರ್ಟಿನ ಮೇಲೆ ತೀರಿಸಬೇಡಿ.

ಪ್ರಶ್ನೆ: ಕೋರ್ಟ್ ಹೇಳಿದರೆ ಆಗೇಬಿಡುತ್ತಾ?

ಉತ್ತರ: ಅರ್ಧ ಆಗುತ್ತದೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲೂ ಕುಡಿಯೋ ನೀರು, ಶೌಚಾಲಯ ಇರಲೇಬೇಕು ಎಂದಿತು. ಶೌಚಾಲಯವೇನೋ ಕಟ್ಟಿಸಬಹುದು, ದಿನಾ ತೊಳೆಯೋರು ಯಾರು, ನೀರು ಎಲ್ಲಿಂದ? ನಾನು ನೋಡಿದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಬೀಗ. ಕೇಳಿದರೆ, "ಗಲೀಜು ಮಾಡ್ತಾರೆ ಸರ್, ಯಾರಾದರೂ ನೋಡೋಕೆ ಬಂದಾಗ ತೆಗೀತೀವಿ" ಎಂದರು. ಬೀಗದ ಕೈ ಹೆಡ್ ಮಾಸ್ಟರ ಮೇಜಿನ ಡ್ರಾಯರಿನಲ್ಲಿತ್ತು.