ಸಿಗ್ನಲ್‌ನಲ್ಲಿ ನಿಂತಾಗ ಕಾರು ನಡುಗುತ್ತದೆ, ಮೌಂಟಿಂಗ್ ಬದಲಿಸಬೇಕಾ?

ನೀವು ಕೇಳಿರುವುದು ಇಷ್ಟು: ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, 70,000 ಕಿ.ಮೀ. ದಾಟಿದೆ. ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್, ಸೀಟು ಎಲ್ಲಾ ನಡುಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ, ಓಡುವಾಗ ಏನೂ ಗೊತ್ತಾಗಲ್ಲ. ಮೆಕ್ಯಾನಿಕ್ ಎಲ್ಲಾ ಮೌಂಟಿಂಗ್ (ಇಂಜಿನ್ನನ್ನು ಬಾಡಿಗೆ ಕೂರಿಸುವ ರಬ್ಬರ್ ಹಿಡಿಕೆಗಳು) ಬದಲಿಸಿ ಅಂತಿದ್ದಾರೆ, ಹಾಕಿಸಲಾ?

ಸದ್ಯಕ್ಕೆ ಬೇಡ. ಮೌಂಟಿಂಗ್ ಹೋಗಿರಲೂಬಹುದು. ಆದರೆ ಮೊದಲು ಒಂದು ವಿಷಯ ತಿಳಿಯಬೇಕು. ಇಂಜಿನ್ನೇ ಏರುಪೇರಾಗಿ ಓಡುತ್ತಿದೆಯಾ, ಇಲ್ಲಾ ಇಂಜಿನ್ ಸರಿಯಾಗಿಯೇ ಓಡುತ್ತಿದ್ದು ಅದರ ನಡುಕ ಬಾಡಿಗೆ ದಾಟುತ್ತಿದೆಯಾ? ಇಂಜಿನ್ನೇ ಎಡವುತ್ತಿರುವಾಗ ಹೊಸ ಮೌಂಟಿಂಗ್ ಹಾಕಿದರೆ ಒಂದಷ್ಟು ದಿನ ಹಾಯೆನಿಸುತ್ತದೆ, ಅಷ್ಟೇ.

ಇಂಜಿನ್ ಚೆನ್ನಾಗಿ ಬಿಸಿ ಆದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಎಸಿ ಆಫ್ ಮಾಡಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು ನೋಡಿ. 700-800ರ ಆಸುಪಾಸಿನಲ್ಲಿ ಅಲುಗದೆ ನಿಂತಿದ್ದು, ಬಾಡಿ ಮಾತ್ರ ಒಂದೇ ಸಮ ಜುಮ್ ಎನ್ನುತ್ತಿದ್ದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ಮುಳ್ಳು ಮೇಲೆ ಕೆಳಗೆ ಆಡುತ್ತಿದ್ದರೆ ಒಳಗೆ ಹೋಗುವ ಗಾಳಿಯ ಲೆಕ್ಕ ತಪ್ಪಿದೆ ಅಂತ. ನಡುನಡುವೆ ಜಗ್ಗಿದ ಹಾಗಾಗುತ್ತಿದ್ದು, ಸೈಲೆನ್ಸರ್ ಬಾಯಿಂದ ಒಂದು ಅಡಿ ದೂರದಲ್ಲಿ ಕೈ ಹಿಡಿದರೆ ಹೊಗೆ ತಾಳ ತಪ್ಪಿ ಬಡಿಯುತ್ತಿದ್ದರೆ ಅದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಂಟಿದ ಹಾಗೆ. 750 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಸುಮಾರು 6 ಸಲ ಉರಿಯುತ್ತದೆ, ಹಾಗಾಗಿ ಒಂದು ಕೈಕೊಟ್ಟರೆ ಆ ಆರೂ ಜಗ್ಗು ನಿಮ್ಮ ಬೆನ್ನಿಗೇ ತಾಗುತ್ತದೆ. ವೇಗ ಹಿಡಿದ ಮೇಲೆ ಫ್ಲೈವೀಲ್ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಓಟ ಅದನ್ನು ಮುಚ್ಚಿಬಿಡುತ್ತದೆ. ಓಡುವಾಗ ಸರಿಯಿದೆ ಅಂದ ಮಾತ್ರಕ್ಕೆ ಇಂಜಿನ್ ಸರಿಯಿದೆ ಅಂತಲ್ಲ.

ಮಿಸ್ಸಿಂಗ್ ಅನಿಸಿದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕದು ಸಾವಿರ ರೂಪಾಯಿ ಒಳಗೇ ಸಿಗುತ್ತದೆ, ಇಟ್ಟುಕೊಳ್ಳುವುದು ಒಳ್ಳೆಯದು. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0304 ಅಂದರೆ ನಾಲ್ಕನೆಯದು, ಪಿ0300 ಅಂದರೆ ಇಂಥದ್ದೇ ಅಂತಿಲ್ಲದೆ ಅಲ್ಲಲ್ಲಿ ಮಿಸ್ ಆಗುತ್ತಿದೆ ಎಂದು. ಪಿ0301 ಬಂತು ಅಂತಿಟ್ಟುಕೊಳ್ಳಿ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ, ಒಂದನೇ ಸಿಲಿಂಡರಿನ ಕಾಯಿಲ್ (ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ತೆಗೆದು ಮೂರಕ್ಕೆ, ಮೂರರದ್ದು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಒಂದು ಸುತ್ತು ಹೋಗಿ ಬನ್ನಿ. ಈಗ ಪಿ0303 ಬಂದರೆ ಕಳ್ಳ ಸಿಕ್ಕ, ಆ ಕಾಯಿಲ್ ಒಂದನ್ನೇ ಬದಲಿಸಿದರೆ ಸಾಕು. ಕೋಡ್ ಅಲ್ಲೇ ಕೂತಿದ್ದರೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಹೀಗೇ ಅದಲುಬದಲು ಮಾಡಿ ನೋಡಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನಾಲ್ಕೂ ಕಾಯಿಲ್ ಬದಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ಲಗ್ ಬಿಚ್ಚಿದಾಗ ಸುಮ್ನೆ ಒರೆಸಿ ಹಾಕಬೇಡಿ, ತುದಿ ನೋಡಿ. ತಿಳಿ ಕಂದು ಇದ್ದರೆ ಚೆನ್ನಾಗಿ ಉರಿಯುತ್ತಿದೆ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಇಲ್ಲವೇ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ ಕೂರುವ ಬಾವಿಯಲ್ಲೇ ಆಯಿಲ್ ನಿಂತಿದ್ದು ಕಾಯಿಲ್‌ನ ರಬ್ಬರ್ ಜಿಡ್ಡಾಗಿದ್ದರೆ ಮೇಲಿನ ಕವರಿನ ಸೀಲ್ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಹೋಗುತ್ತದೆ. ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಪ್ಲಗ್ ಕೂರುವ ಇಂಜಿನ್ ಹೆಡ್ ಅಲ್ಯೂಮಿನಿಯಂ, ಮರೆ (ಥ್ರೆಡ್) ಕಿತ್ತರೆ ದೊಡ್ಡ ರಗಳೆ.

ಮುಳ್ಳು ಆಡುತ್ತಿದ್ದರೆ ಇಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಬಾಡಿ ನೋಡಿ. ಏರ್ ಫಿಲ್ಟರಿನ ಪೈಪ್ ಬಿಚ್ಚಿದರೆ ಒಂದು ಚಿಟ್ಟೆ ತಗಡು ಕಾಣುತ್ತದೆ, ಅದರ ಅಂಚಿನಲ್ಲಿ ಕಪ್ಪು ಜಿಡ್ಡು ಕೂತರೆ ಐಡ್ಲಿಂಗ್‌ಗೆ (ಗಾಡಿ ನಿಂತಲ್ಲೇ ಇಂಜಿನ್ ಓಡುವುದಕ್ಕೆ) ಬೇಕಾದ ಚೂರು ಗಾಳಿಯೂ ಸಿಗಲ್ಲ. ಎಸಿ ಹಾಕಿದಾಗ ಕಂಪ್ರೆಸರ್ ಭಾರ ತಡೆಯಲು ಆರ್‌ಪಿಎಂ ತುಸು ಏರಬೇಕು. ಏರುವ ಬದಲು ಕುಸಿಯುತ್ತಿದ್ದರೆ ಇದರ ಮೇಲೂ ಅನುಮಾನ ಇಡಿ. ಅದಕ್ಕೆಂದೇ ಸಿಗುವ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಇಗ್ನಿಷನ್ ಆನ್ ಇರುವಾಗ ತಗಡನ್ನು ಬೆರಳಲ್ಲಿ ತಳ್ಳಬೇಡಿ, ಅದನ್ನು ತಿರುಗಿಸುವ ಮೋಟರ್ ಹಾಳಾಗಬಹುದು. ಕ್ಲೀನ್ ಆದ ಮೇಲೆ ಐಡ್ಲಿಂಗ್ ಕೆಲ ಹೊತ್ತು ಜಾಸ್ತಿ ಇದ್ದರೆ ಗಾಬರಿ ಬೇಡ. ಕೆಲವು ಗಾಡಿಗಳಿಗೆ ಸ್ಕ್ಯಾನರ್‌ನಲ್ಲಿ ಮತ್ತೆ ಕಲಿಸಬೇಕಾಗುತ್ತದೆ.

ಇನ್ನೊಂದು, ಇಲಿ. ತಮಾಷೆ ಅಲ್ಲ. ನನ್ನ ಅಕ್ಕನ ಕಾರು ಇದೇ ಥರ ನಡುಗುತ್ತಿತ್ತು. ಬಾನೆಟ್ ಎತ್ತಿ ಕಿವಿ ಕೊಟ್ಟರೆ ಇಂಜಿನ್ ಹಿಂಬದಿಯಿಂದ ಸುಂಯ್ ಎಂಬ ಸಣ್ಣ ಶಬ್ದ. ಟಾರ್ಚ್ ಬಿಟ್ಟರೆ ಇಂಜಿನ್ ಗಾಳಿ ಎಳೆಯುವ ಕಡೆಗೆ ಸೇರಿದ ವ್ಯಾಕ್ಯೂಮ್ ಹೋಸಿನ (ರಬ್ಬರ್ ಪೈಪಿನ) ಮೇಲೆ ಸಾಲಾಗಿ ಹಲ್ಲಿನ ಗುರುತು, ಪಕ್ಕದಲ್ಲಿ ತೆಂಗಿನ ನಾರು ಬೇರೆ! ಬೆರಳಿಟ್ಟು ತೂತು ಮುಚ್ಚಿದ ತಕ್ಷಣ ಇಂಜಿನ್ ನಡುಕ ನಿಂತಿತು. ಅಂಥ ಕಡೆ ಪಿ0171 ಕೋಡ್ ಬರಬಹುದು, ಅಂದರೆ ಪೆಟ್ರೋಲ್ ಲೆಕ್ಕಕ್ಕೆ ಗಾಳಿ ಜಾಸ್ತಿ.

ಈಗ ಎಲ್ಲದಕ್ಕೂ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಮೇಲೆ ಗೂಬೆ ಕೂರಿಸುವುದು ರೂಢಿಯಾಗಿದೆ. ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಒಂದೇ ಅಲ್ವಾ? ಪ್ರತಿ ಸಲ ಒಂದೇ ಸಿಲಿಂಡರಿನ ಕೋಡ್ ಬರುತ್ತಿದ್ದರೆ ಬಂಕ್‌ನವರನ್ನು ಬಯ್ಯಬೇಡಿ.

ಮೌಂಟಿಂಗ್ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ, ಫಸ್ಟ್ ಗೇರ್ ಹಾಕಿ ಕ್ಲಚ್ ಒಂದು ಚೂರು ಬಿಡಲಿ, ಆಮೇಲೆ ರಿವರ್ಸ್‌ನಲ್ಲೂ ಹಾಗೇ. ನೀವು ಗಾಡಿಯ ಮುಂದೆ ನಿಲ್ಲದೆ ಪಕ್ಕದಿಂದ ನೋಡಿ. ಇಂಜಿನ್ ಸ್ವಲ್ಪ ವಾಲುವುದು ಸಹಜ, ಧಡ್ ಎಂದು ಹಾರಿದರೆ ರಬ್ಬರ್ ಹರಿದಿದೆ. ಹರಿದದ್ದು ಯಾವುದೋ ಅದನ್ನು ಹಾಕಿಸಿ, ಆದರೆ ಅಗ್ಗದ ಲೋಕಲ್ ಬೇಡ. ಗಟ್ಟಿ ರಬ್ಬರಿನದ್ದು ಹಾಕಿದರೆ ನಡುಕ ಮೊದಲಿಗಿಂತ ಜಾಸ್ತಿಯಾಗುವುದೂ ಉಂಟು.

ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಇಷ್ಟೆಲ್ಲಾ ಕಾಯಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡುವ ಭಾಗಕ್ಕೆ) ಹೋಗಿ ಅದನ್ನು ಸುಡುತ್ತದೆ, ಅದರ ಬೆಲೆ ಮೌಂಟಿಂಗ್‌ಗಿಂತ ಎಷ್ಟೋ ಜಾಸ್ತಿ. ಕಾಯಿಲ್, ಪ್ಲಗ್, ಗಾಳಿ ಎಲ್ಲಾ ಸರಿಯಿದ್ದೂ ಮಿಸ್ಸಿಂಗ್ ಹೋಗದಿದ್ದರೆ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಪರೀಕ್ಷೆ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಪರೀಕ್ಷೆ ಎರಡೂ ಮಾಡಿಸಿ. ಸ್ಕ್ಯಾನ್ ಮಾಡಿದ ಮೇಲೆ ಬಂದ ಕೋಡ್, ನಾಲ್ಕೂ ಪ್ಲಗ್ ಸಾಲಾಗಿಟ್ಟ ಫೋಟೋ ಹಾಕಿ, ನೋಡಿ ಹೇಳುತ್ತೇನೆ.