ಸೋತ ವಕೀಲರನ್ನು ಹೊಗಳೋದು ಯಾಕೆ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿದಳು. “ಅಟಿಕಸ್ ಕೇಸು ಸೋತರಲ್ಲಮ್ಮ, ಮತ್ಯಾಕೆ ಎಲ್ಲರೂ ಹೊಗಳ್ತಾರೆ?” ಅಂತಾಳೆ. ಏನು ಹೇಳಲಿ ಮೇಡಂ?
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ ಬಿಡಿ. 1960ರ ಈ ಕಾದಂಬರಿಯ ಕತೆ ನಡೆಯುವುದು 1930ರ ದಶಕದ ಅಲಬಾಮಾದಲ್ಲಿ. ವಕೀಲ ಅಟಿಕಸ್ ವಾದಿಸುವುದು ಕಪ್ಪು ಜನಾಂಗದ ಟಾಮ್ ರಾಬಿನ್ಸನ್ ಪರ; ಬಿಳಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದ ಅಂತ ಅವನ ಮೇಲೆ ಆರೋಪ. ಟಾಮ್‌ನ ಎಡಗೈ ಹತ್ತಿ ಯಂತ್ರಕ್ಕೆ ಸಿಕ್ಕಿ ಊನವಾಗಿದೆ. ಆ ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಕ್ಕೆ. ಹೊಡೆದವನು ಎಡಚ ಅಂತ ಯಾರಿಗೂ ಹೊಳೆಯುತ್ತದೆ. ಆದರೂ ಬಿಳಿಯರ ಜ್ಯೂರಿ (ತೀರ್ಪು ಕೊಡುವ ನಾಗರಿಕರ ತಂಡ) ಟಾಮ್‌ನನ್ನೇ ಅಪರಾಧಿ ಅಂದಿತು.

ನನ್ನನ್ನು ಜಾಸ್ತಿ ಕಾಡುವುದು ಜೈಲಿನ ಮುಂದಿನ ಆ ರಾತ್ರಿ. ಟಾಮ್‌ನನ್ನು ಕೊಲ್ಲಲು ಗುಂಪು ಬಂದಿದೆ. ಅದು ತಿಳಿಯದ ಅಟಿಕಸ್ ಅವರ ಪುಟ್ಟ ಮಗಳು ಸ್ಕೌಟ್ ಸುಮ್ನೆ ನಡುವೆ ನುಗ್ಗಿ, ಗುಂಪಿನಲ್ಲಿದ್ದ ಕನಿಂಗ್‌ಹ್ಯಾಮ್‌ನನ್ನು ಗುರುತಿಸಿ, ತನ್ನ ಕ್ಲಾಸಿನಲ್ಲೇ ಇರುವ ಅವನ ಮಗನ ಬಗ್ಗೆ ಮಾತಾಡಿಸುತ್ತಾಳೆ. ಅವನೇ ಗುಂಪನ್ನು ವಾಪಸ್ ಕರೆದೊಯ್ಯುತ್ತಾನೆ.

ಹಿಂದೊಮ್ಮೆ ರಾಜಾಜಿನಗರದಲ್ಲಿ ನಮ್ಮ ಎದುರು ಮನೆ ನೋಡಲು ಗಂಡ ಹೆಂಡತಿ ಬಂದರು. ಹೆಸರು ಕೇಳಿದ ಮೇಲೆ ಮನೆಯೊಡತಿ, “ಆಗಲೇ ಕೊಟ್ಟಾಯ್ತು” ಅಂದರು. ಅವರ ಮೊಮ್ಮಗ, “ಅಜ್ಜಿ, ಟು-ಲೆಟ್ ಬೋರ್ಡು ಇನ್ನೂ ಇದೆಯಲ್ಲ” ಅಂದುಬಿಟ್ಟ! ನಾನು ಗೇಟಿನಲ್ಲೇ ಮಲ್ಲಿಗೆ ಚೌಕಾಸಿ ಮಾಡುತ್ತಿದ್ದೆ. ಬಾಯಿ ಬಿಡಲಿಲ್ಲ. ಅವನಿಗೆ ಆರು ವರ್ಷ, ನನಗೆ ನಲವತ್ತು.

ಆ ಜ್ಯೂರಿ ತೀರ್ಪಿಗೆ ಗಂಟೆಗಟ್ಟಲೆ ತೆಗೆದುಕೊಂಡಿತು, ಅಲ್ವಾ? ಟಾಮ್‌ನನ್ನು ಬಿಡಬೇಕೆಂದು ಮೊದಲು ಹಟ ಹಿಡಿದವನು ಕನಿಂಗ್‌ಹ್ಯಾಮ್‌ಗಳ ಪೈಕಿಯವನೇ. ಆ ಪುಟವನ್ನು ಮಗಳ ಜೊತೆ ಕೂತು ಇನ್ನೊಮ್ಮೆ ಓದಿ.